ಹಣೆಯ ಮೇಲಿನ ಗೋಪುರ

ಕಾಶವ್ವ ಕಂಪ್ಯೂಟರಿನಲ್ಲಿ ಸೀರೆಗಳಿಗೆ ಕಸೂತಿಯ ನಕ್ಷೆ ಬಿಡಿಸುತ್ತಿದ್ದಳು. ಪರದೆಯ ಮೇಲೆ ನಕ್ಷೆ ತೆರೆದುಕೊಳ್ಳುವ ದೊಡ್ಡ ಕಿಟಕಿಯ ಹಣೆಯಲ್ಲಿ ಗುರುತಾಗಿ ಪುಟ್ಟ ಗೋಪುರದ ಚಿತ್ರವಿತ್ತು. ಏನಾದರೂ ಕೇಳಬೇಕಾದಾಗ ಅದರೊಳಗಿಂದ ಏಳುವ ಮರಿಕಿಟಕಿಯ ಹಣೆ ಮಾತ್ರ ಬರಿದು. ಒಂದು ಸಂಜೆ ಮರಿಕಿಟಕಿ ಎದ್ದುಬಂದು, "ನಕ್ಷೆಯನ್ನು ಉಳಿಸಲೇ?" ಎಂದು ಕೇಳಿತು.

"ಯಾವ್ದೋ ಹೊರಗಿಂದು ಬಂದೈತಿ," ಎಂದ ಕಾಶವ್ವ ಓದದೆಯೇ 'ಬೇಡ' ಒತ್ತಿದಳು. ದಿನವಿಡೀ ಬಿಡಿಸಿದ್ದ ಸೆರಗು ಅಳಿಸಿಹೋಯಿತು.

"ನೀನು ಕೇಳಲಿಲ್ಲವೇ?" ದೊಡ್ಡ ಕಿಟಕಿ ಗದರಿತು.

"ಕೇಳಿದೆ. ನಾನು ಯಾರ ಮನೆಯ ಕೂಸೆಂದು ಅವಳಿಗೆ ಗೊತ್ತಾಗಲಿಲ್ಲ," ಎಂದಿತು ಮರಿ.

ದೊಡ್ಡದಕ್ಕೆ ಚುರುಕ್ಕೆಂದಿತು. ತನ್ನ ಗೋಪುರವನ್ನೇ ಮರಿಯ ಹಣೆಗೂ ಇಟ್ಟಿತು.

ಮರುದಿನ ಮರಿ ಅಳುಕುತ್ತಲೇ ಅದೇ ಪ್ರಶ್ನೆ ಹಿಡಿದು ಬಂತು. ಕಾಶವ್ವ ಗೋಪುರ ನೋಡಿದಳು. "ಇದು ನಮ್ದ ಐತಲ್ಲ!" ಎಂದು ಮುಂದಕ್ಕೆ ಬಾಗಿದಳು.

ತನ್ನನ್ನು ಓದುವ ಕಣ್ಣುಗಳನ್ನು ಮರಿಕಿಟಕಿ ಅಂದೇ ಮೊದಲು ಕಂಡದ್ದು.