ಹಲ್ಲು ಮುರಿದ ಕತ್ತಿ, ಗಾಯವಿಲ್ಲದ ಟೊಪ್ಪಿಗೆ

"ಕೇಳ್ರಪ್ಪೋ ಕೇಳಿ! ಅರಮನೆಯ ಗಾಜಿನ ಬೀರುವಿನಲ್ಲಿರೋ ಜರ್ಮನಿಯ ಕೊಂಬಿನ ಟೊಪ್ಪಿಗೆಯ ಮೇಲೆ ಕೆಂಪಾಜಮ್ಮಣ್ಣಿಯವರು ಮೂರು ಒಗಟು ಇಟ್ಟಿದ್ದಾರೆ. ಮೂರನ್ನೂ ಬಿಡಿಸಿದವನು ಅಮ್ಮಣ್ಣಿಯವರ ಕೈಹಿಡಿದು ಅರ್ಧ ರಾಜ್ಯ ಆಳಬಹುದು. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ. ಅಷ್ಟರಲ್ಲಿ ಯಾರೂ ಬಿಡಿಸದಿದ್ದರೆ ಅಮ್ಮಣ್ಣಿಯವರು ದಳವಾಯಿ ತಿಮ್ಮರಾಜರನ್ನು ಮದುವೆಯಾಗತಕ್ಕದ್ದು!" ಅಂತ ಊರೆಲ್ಲ ಡಂಗುರ ಹೊಡೆದರು.

ಕೊನೆಯ ಷರತ್ತು ಅಮ್ಮಣ್ಣಿಯದಲ್ಲ, ಆಸ್ಥಾನದ ಹಿರಿಯರದು. ಹಿರಿಯರಂತೆ ಹಿರಿಯರು! ತಿಮ್ಮರಾಜ ಅವರ ಬಾಯಿಗೆ ಏನು ತುರುಕಿದ್ದನೋ ಶಿವನೇ ಬಲ್ಲ.

ಏಳು ವರ್ಷದ ಹಿಂದೆ ಅಮ್ಮಣ್ಣಿಯ ತಮ್ಮ, ಪಟ್ಟಕ್ಕೆ ಬರಬೇಕಿದ್ದ ಗೋಪಾಲರಾಜ, ಕುದುರೆ ದಂಡಿನ ಜೊತೆ ಕಡಲಾಚೆಯ ಮಹಾಯುದ್ಧಕ್ಕೆ ಹೋಗಿ ಅಲ್ಲೇ ಮಣ್ಣಾದ. ಮನೆಗೆ ಬಂದದ್ದು ಕತ್ತಿಯೇಟು ತಡೆಯಲು ಅವನ ಅಂಗಿಯ ಭುಜಕ್ಕೆ ಹೊಲಿದಿದ್ದ ಉಕ್ಕಿನ ಸರಪಳಿ ಮಾತ್ರ. ಜೊತೆಗೆ ಹೋಗಿದ್ದ ತಿಮ್ಮರಾಜ ಈ ಟೊಪ್ಪಿಗೆಯನ್ನು ಆಳಿನ ಕೈಲಿ ಹೊರಿಸಿಕೊಂಡು ಬಂದ. "ಗೋಪಾಲನನ್ನು ಕೊಂದವನ ತಲೆಗೇ ಹೊಡೆದೆ. ಈ ಕಬ್ಬಿಣದ ಟೊಪ್ಪಿಗೆಗೆ ತಾಗಿ ನನ್ನ ಕತ್ತಿ ಮುಕ್ಕಾಯಿತು, ನೋಡಿ!" ಅಂತ ಸಭೆಯಲ್ಲಿ ಮೀಸೆ ತಿರುವಿದ.

ಅವತ್ತಿನಿಂದ ಅಮ್ಮಣ್ಣಿಗೆ ಒಂದೇ ಹುಚ್ಚು. ಕಂಡ ಕಂಡ ವರ್ತಕರಿಂದ ಇಂಥವೇ ಟೊಪ್ಪಿಗೆ ತರಿಸಿದಳು, ನಲವತ್ತೊಂದು. ಹಣೆಯ ಮೇಲಿನ ತಗಡು ಯಾವ ಸೀಮೆಯದು, ಪಕ್ಕದ ಬಣ್ಣದ ಬಿಲ್ಲೆ ಅಸಲೋ ನಕಲೋ, ನೆತ್ತಿಯಲ್ಲಿ ಕೊಂಬಿನ ಬದಲು ಗುಂಡು ಇದ್ದರೆ ಅದು ಫಿರಂಗಿ ಹಾರಿಸುವವನದು, ಎಲ್ಲ ಕಲಿತಳು. "ಹೆಣ್ಣು ಬೆಳ್ಳಿ ಬಂಗಾರ ಕೂಡಿಡೋದು ಬಿಟ್ಟು ಸತ್ತವರ ಟೊಪ್ಪಿಗೆ ಕೂಡಿಡ್ತಾಳಲ್ಲ" ಅಂತ ಊರು ನಕ್ಕಿತು. ನಗಲಿ ಬಿಡಿ. ಒಡಲ ಉರಿ ಅವಳಿಗೆ ಗೊತ್ತು.

ಮೊದಲು ಬಂದವನು ಪಾಳೇಗಾರನ ಮಗ. ಅಮ್ಮಣ್ಣಿ ಕೇಳಿದಳು: "ಕೊಟ್ಟಿಗೆಯಲ್ಲಿ ಹುಟ್ಟಿತು, ಇದ್ದಷ್ಟು ದಿನ ಹುಲ್ಲು ತಿಂದಿತು, ಸತ್ತ ಮೇಲೆ ಯುದ್ಧಕ್ಕೆ ಹೋಯಿತು. ಈ ಟೊಪ್ಪಿಗೆಯಲ್ಲಿ ಅದೆಲ್ಲಿದೆ?"

"ಅದೇ, ನೆತ್ತಿಯ ಕೊಂಬು!"

"ಹಿತ್ತಾಳೆ ಕೊಂಬಿನ ಎತ್ತು ನಿಮ್ಮೂರಲ್ಲಿ ಇದೆಯೇನಪ್ಪಾ?" ಅಂದಳು ಅಮ್ಮಣ್ಣಿ. ಅವನನ್ನು ಸೆರೆಮನೆಗೆ ಎಳೆದೊಯ್ದರು. ಇನ್ನೊಬ್ಬ ಕುದುರೆಯ ಪ್ರೇತ ಅಂದ. ಹೀಗೆ ಹನ್ನೊಂದು ಜನ ಒಳಗೆ ಹೋದರು. ಸತ್ತವನ ಟೊಪ್ಪಿಗೆ, ಮೈಲಿಗೆ ಅಂತ ಒಬ್ಬನೂ ಅದನ್ನು ಮುಟ್ಟಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಸಣ್ಣೀರ ಬಂದ. ದಂಡಿನ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದವನು.

"ಚಪ್ಪಲಿ ಹೊಲಿಯೋನಿಗೂ ಸಿಂಹಾಸನ ಬೇಕಂತೆ!" ಅಂತ ತಿಮ್ಮರಾಜ ನಕ್ಕ.

"ಸಿಂಹಾಸನ ಯಾರಿಗೆ ಬೇಕು ಬುದ್ಧಿ? ಆ ಚಳಿ ದೇಶದಲ್ಲಿ ನನಗೆ ಜ್ವರ ಬಂದಾಗ ಚಿಕ್ಕಬುದ್ಧಿಯೋರು, ಗೋಪಾಲರಾಜರು, ಅವರ ಕಂಬಳೀನೇ ಹೊದಿಸಿದ್ರು. ಅವರಿಗೋಸ್ಕರ ಬಂದೆ."

ಮೊದಲ ಒಗಟು ಅಷ್ಟರಲ್ಲಿ ಊರಿಗೇ ಬಾಯಿಪಾಠವಾಗಿತ್ತು. ಸಣ್ಣೀರ ಟೊಪ್ಪಿಗೆಯನ್ನು ಎತ್ತಿಕೊಂಡು ಬೆರಳಲ್ಲಿ ಬಡಿದ. "ಕಬ್ಬಿಣ ಠಣ್ ಅಂತದೆ, ಇದು ಡಬ್ ಅಂತದೆ. ದನದ ಚರ್ಮ ಅಮ್ಮಣ್ಣಿಯೋರೆ. ಬೇಯಿಸಿ, ಅಚ್ಚಿಗೆ ಹಾಕಿ, ಕಪ್ಪು ಬಳಿದವ್ರೆ."

ತಿಮ್ಮರಾಜನ ನಗು ನಿಂತಿತು.

"ಎರಡನೆಯದು," ಅಂದಳು ಅಮ್ಮಣ್ಣಿ. "ಕೊಂಬಿದೆ, ತಿವಿಯೋದಿಲ್ಲ. ಬುಡದಲ್ಲಿ ಹೊಳ್ಳೆಗಳಿವೆ, ಬಿಡುವ ಉಸಿರು ತನ್ನದಲ್ಲ."

"ಕೊಂಬು ಟೊಳ್ಳು. ಬುಡದ ತೂತಿಂದ ತಲೆಯ ಸೆಕೆ ಹೊರಕ್ಕೆ ಹೋಗ್ತದೆ."

ಅಮ್ಮಣ್ಣಿ ತಿಮ್ಮರಾಜನ ಕಡೆ ತಿರುಗಿದಳು. "ಮೂರನೆಯದು. ಕಚ್ಚಿದ್ದರ ಹಲ್ಲು ಮುರಿದಿದೆ, ಕಚ್ಚಿಸಿಕೊಂಡಿತು ಅನ್ನುವುದರ ಮೈಮೇಲೆ ಗಾಯವಿಲ್ಲ. ಹಾಗಾದರೆ ಹಲ್ಲು ಮುರಿದದ್ದು ಎಲ್ಲಿ?"

ಸಣ್ಣೀರ ಟೊಪ್ಪಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಹುಟ್ಟಿದಾಗಿಂದ ಚರ್ಮ ಕುಯ್ದವನು ನಾನು. ಚರ್ಮಕ್ಕೆ ತಾಗಿ ಯಾವ ಕತ್ತಿಯೂ ಮುಕ್ಕಾಗಲ್ಲ. ಇದರ ಮೇಲೆ ಒಂದು ಗೀರಿಲ್ಲ, ಒಳಪಟ್ಟಿಗೆ ಬೆವರೇ ಹತ್ತಿಲ್ಲ. ಯಾರೂ ಹಾಕ್ಕೊಂಡದ್ದೇ ಅಲ್ಲ, ಅಂಗಡಿಯಲ್ಲಿ ಕೊಂಡಿದ್ದು. ಚಿಕ್ಕಬುದ್ಧಿಯೋರ ಭುಜಕ್ಕೆ ಸರಪಳಿ ಹೊಲಿದವನು ನಾನೇ. ಅದನ್ನು ಕೊಡಿ, ದಳವಾಯಿಗಳ ಕತ್ತಿಯನ್ನೂ ಕೊಡಿ."

ಅಮ್ಮಣ್ಣಿ ಸೆರಗಿನ ಗಂಟು ಬಿಚ್ಚಿ ಸರಪಳಿ ಕೊಟ್ಟಳು. ಏಳು ವರ್ಷದಿಂದ ಅದು ಅಲ್ಲೇ ಇತ್ತು. ಕಾವಲಿನವರು ತಿಮ್ಮರಾಜನ ಕತ್ತಿ ಕಿತ್ತುಕೊಂಡರು. ಸರಪಳಿಯ ಒಂದು ಕೊಂಡಿ ಅರ್ಧ ಕುಯ್ದುಹೋಗಿತ್ತು. ಕತ್ತಿಯ ಮುಕ್ಕು ಆ ಕೊಂಡಿಗೆ ಸರಿಯಾಗಿ ಕೂತಿತು.

"ಕುಯ್ದಿರೋದು ಬೆನ್ನ ಕಡೆಯ ಕೊಂಡಿ, ಅಮ್ಮಣ್ಣಿಯೋರೆ," ಅಂದ ಸಣ್ಣೀರ. "ಏಟು ಹಿಂದಿನಿಂದ ಬಿದ್ದಿದೆ."

"ಸುಳ್ಳು! ದೇವರಾಣೆಗೂ ಟೊಪ್ಪಿಗೆಗೇ ತಾಗಿದ್ದು!" ಅಂತ ತಿಮ್ಮರಾಜ ಕಿರುಚಿದ.

"ಹೌದಾ?" ಅಂದಳು ಅಮ್ಮಣ್ಣಿ. "ಹಾಗಾದರೆ ಅದನ್ನೇ ನಿನ್ನ ತಲೆಗೆ ಇಟ್ಟು ಅದೇ ಕತ್ತಿಯಲ್ಲಿ ಹೊಡೀತೀನಿ. ಇನ್ನೊಂದು ಹಲ್ಲು ಮುರಿದರೆ ನೀನು ಗೆದ್ದೆ, ನಾನು ನಿನ್ನ ಹೆಂಡತಿ."

ಟೊಪ್ಪಿಗೆ ತಲೆಗೆ ಬಂದದ್ದೇ ತಡ, ದಳವಾಯಿ ಕಾಲಿಗೆ ಬಿದ್ದ. "ತಪ್ಪಾಯ್ತು! ಪಟ್ಟದ ಆಸೆಗೆ ಹಿಂದಿನಿಂದ ಹೊಡೆದೆ! ಜೀವ ಒಂದು ಉಳಿಸು!"

"ಗೊತ್ತಿದ್ದೂ ಯಾಕಮ್ಮಾ ಹೇಳಲಿಲ್ಲ?" ಅಂದರು ಹಿರಿಯರು.

"ಹೇಳಿದ್ದರೆ ಹೆಣ್ಣಿನ ಹುಚ್ಚು ಅಂತಿದ್ರಿ. ದಂಡಿನಲ್ಲಿದ್ದವನ ಬಾಯಿಂದಲೇ ಬರಲಿ ಅಂತ ಕಾದೆ."

ಸೆರೆಯಲ್ಲಿದ್ದ ಹನ್ನೊಂದು ಜನರನ್ನೂ ಬಿಡಿಸಿದಳು. ಸಣ್ಣೀರನ ಕೈ ಹಿಡಿದಾಗ ಅವನು ಹಿಂಜರಿದ. "ಈ ಕೈ ಚರ್ಮದ ವಾಸನೆ, ಅಮ್ಮಣ್ಣಿಯೋರೆ."

"ಇರಲಿ. ಏಳು ವರ್ಷ ಇವನ ಸುಳ್ಳಿನ ನಾತ ಕುಡಿದಿದ್ದೀನಿ. ಮದುವೆಗೆ ಮುಂಚೆ ಒಂದು ಕೆಲಸ ಇದೆ, ನಿಲ್ಲು."

ಅಮ್ಮಣ್ಣಿ ಟೊಪ್ಪಿಗೆಯ ಪಟ್ಟಿಯನ್ನು ತಿಮ್ಮರಾಜನ ಗದ್ದಕ್ಕೆ ತಾನೇ ಬಿಗಿದಳು. ಎರಡೂ ಕೈಯಲ್ಲಿ ಕತ್ತಿ ಎತ್ತಿ ಹೊಡೆದಳು.

ಕತ್ತಿ ಮುಕ್ಕಾಗಲಿಲ್ಲ.