ಹಗ್ಗದ ಮೂರು ತುಂಡು

ಬೆಟ್ಟದ ನೆತ್ತಿಯ ಮೇಲೊಂದು ಆಶ್ರಮ. ಅದರ ಬಾಗಿಲಿನಿಂದ ತಪ್ಪಲಿನವರೆಗೆ ಸೈಕಲ್ ಇಳಿಯುವ ಕಾಲುದಾರಿ. ಬೇರೆ ಕಡೆ ಮನಸ್ಸನ್ನು ಹಿಡಿಯಲು ಜಪ ಕಲಿಸುತ್ತಾರೆ. ಇಲ್ಲಿ ತಿಪ್ಪಣ್ಣ ಗುರುಗಳು ಬ್ರೇಕ್ ಹಿಡಿಯುವುದನ್ನು ಕಲಿಸುತ್ತಿದ್ದರು.

ಮಳೆ ಬಿದ್ದರೆ ಬಾಗಿಲಲ್ಲಿ ದಾರಿಗೆ ಅಡ್ಡ ಹಗ್ಗ ಕಟ್ಟಬೇಕು. ದಾರಿ ಒಣಗಿದ ಮೇಲೆ ಬಿಚ್ಚಬೇಕು. ಬಿಚ್ಚಿದವನೇ ಮೊದಲು ಇಳಿಯಬೇಕು. ಇದು ಅಲ್ಲಿಯ ಕಟ್ಟಳೆ.

ಹಗ್ಗದ ಕೆಲಸ ಶಿಷ್ಯ ಕೊಟ್ರೇಶನದು.

ಹಿಂದಿನ ಮಳೆಯಲ್ಲಿ ಅವನು ಬಾಗಿಲ ಮುಂದಿನ ಮಣ್ಣನ್ನು ಹಿಮ್ಮಡಿಯಿಂದ ಒತ್ತಿ ನೋಡಿ, ಗಟ್ಟಿಯಿದೆ ಎಂದು ಹಗ್ಗ ಬಿಚ್ಚಿದ್ದ. ಬಿದಿರಿನ ತಿರುವಿನಲ್ಲಿ ಅವನ ಚಕ್ರವೇ ಜಾರಿತು, ಹೇಗೋ ಸಾವರಿಸಿಕೊಂಡ. ಅವನ ಹಿಂದೆ ಬಂದ ಶಿಷ್ಯೆ ನಾಗವೇಣಿ ಬಿದ್ದು ಮುಂಗೈ ಮುರಿದುಕೊಂಡಳು. ಅವಳು ಬಿದ್ದ ಸದ್ದು ಅವನ ಕಿವಿಯಿಂದ ಹೋಗಿರಲಿಲ್ಲ.

ಈ ಸಲ ಮಳೆ ನಿಂತು ಬಹಳ ದಿನವಾದರೂ ಅವನು ಹಗ್ಗ ಮುಟ್ಟಲಿಲ್ಲ.

"ಮುಂದಿನ ಮಳೆ ಬಂದ ಮೇಲೆ ಬಿಚ್ತೀಯೇನೋ?" ಎಂದು ಜೊತೆಯವರು ಕೇಳಿದರು.

ನಾಗವೇಣಿಯೂ ಸೈಕಲ್ ತಳ್ಳಿಕೊಂಡು ಬಂದಳು. "ಕೊಟ್ರೇಶಣ್ಣ, ನನ್ನ ಮೂಳೆಯೇ ಕೂಡಿಕೊಂಡಿತು. ನಿನ್ನ ದಾರಿ ಇನ್ನೂ ಒಣಗಲಿಲ್ಲವಲ್ಲ."

ಒಣಗಿದ್ದು ಅವನ ಬಾಯಿ ಮಾತ್ರ. ಅವನು ಗುರುಗಳ ಹತ್ತಿರ ಓಡಿದ.

"ಗುರುಗಳೇ, ಮಳೆ ನಿಂತ ಎಷ್ಟು ದಿನಕ್ಕೆ ದಾರಿ ಒಣಗುತ್ತೆ? ಒಂದು ಲೆಕ್ಕ ಹೇಳಿಬಿಡಿ."

ಗುರುಗಳು ಕಡಲೆಕಾಯಿ ಬಿಡಿಸುತ್ತಿದ್ದರು. "ಒಗೆದ ಬಟ್ಟೆ ಎಷ್ಟು ಹೊತ್ತಿಗೆ ಒಣಗುತ್ತಪ್ಪ?"

"ಯಾವ ಬಟ್ಟೆ ಅಂತ ಗೊತ್ತಾಗಬೇಕಲ್ಲ? ಪಂಚೆಯೋ, ಕಂಬಳಿಯೋ. ಬಿಸಿಲಲ್ಲಿ ಹರವಿದ್ದೋ, ಪಡಸಾಲೇಲಿ ಮುದುರಿ ಹಾಕಿದ್ದೋ."

"ಹ್ಞೂಂ," ಎಂದು ಗುರುಗಳು ಇನ್ನೊಂದು ಕಾಯಿ ಒಡೆದರು.

ಹೆದರಿದವನಿಗೆ ಬೇಕಾಗಿದ್ದು ಉತ್ತರ, ಪಂಚೆಯಲ್ಲ. ಕೊಟ್ರೇಶ ಬುಟ್ಟಿ ತುಂಬ ಒಣಮಣ್ಣು ಹೊತ್ತು ಬಿದಿರಿನ ತಿರುವಿಗೆ ಇಳಿದ. ಒಣಗಿದ ಹಾಗಾದರೂ ಕಾಣಲಿ ಎಂದು ಹಸಿಯ ಮೇಲೆಲ್ಲ ಹರಡಿದ. ನೋಡಲು ಎಷ್ಟು ಚೆನ್ನಾಗಿ ಕಂಡಿತೆಂದರೆ, ಅವನಿಗೇ ಅರ್ಧ ನಂಬಿಕೆ ಬಂತು.

ತಿರುಗಿದರೆ ಹಿಂದೆ ಗುರುಗಳು, ಕೈಯಲ್ಲಿ ಊರುಗೋಲು.

ಅವರು ಕೋಲನ್ನು ಮಣ್ಣಿಗೆ ಊರಿದರು. ಅದು ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಎಳೆದರೆ ತುದಿಗೆ ಕರಿಯ ಕೆಸರು.

"ಪೌಡರ್ ಹಚ್ಚಿದರೆ ಜ್ವರ ಇಳಿಯುತ್ತೇನೋ?"

ಕೊಟ್ರೇಶ ತಲೆ ತಗ್ಗಿಸಿದ. "ಮತ್ತೆ ಯಾರಾದರೂ ಬಿದ್ದರೆ, ಗುರುಗಳೇ? ಇರಲಿ ಬಿಡಿ. ಹಗ್ಗ ಹಾಗೇ ಇರಲಿ."

"ಹಾಕಿದ ಮಣ್ಣು ಬಾಚಿ ಬಾ," ಎಂದು ಗುರುಗಳು ಕೋಲನ್ನು ಅವನ ಕೈಗೆ ಕೊಟ್ಟರು.

ಇಬ್ಬರೂ ಮತ್ತೆ ಬಾಗಿಲಿಗೆ ಹೋಗಿ ಅಲ್ಲಿಂದ ನಡೆದರು. ಬಾಗಿಲ ಮುಂದೆ ಕೊಟ್ರೇಶ ಕೋಲು ಊರಿದ. ಟಕ್ ಎಂದಿತು.

"ಒಣಗಿದೆ. ಇದು ಗರಸು ಮಣ್ಣು, ಇಳಿಜಾರು ಬೇರೆ. ನೀರು ನಿಲ್ಲೋದೇ ಇಲ್ಲ."

ಗುರುಗಳು ಮುಂದೆ ನಡೆದರು. ಟಕ್, ಟಕ್. ಬಿದಿರಿನ ತಿರುವು ಬಂತು. ಕೋಲು ಮತ್ತೆ ಇಳಿಯಿತು. ಕೊಟ್ರೇಶ ತಲೆಯೆತ್ತಿ ನೋಡಿದ: ಮೇಲೆ ಆಕಾಶವೇ ಇಲ್ಲ, ಬರೀ ಎಲೆ. ಕೆಳಗೆ ಜೇಡಿಮಣ್ಣು.

"ಕಂಬಳಿ," ಎಂದ ಮೆಲ್ಲಗೆ. "ಪಡಸಾಲೇಲಿ."

ಇನ್ನೂ ಕೆಳಗೆ ಒಂದು ತಗ್ಗು. ಅಲ್ಲಿ ಧಾರಾಳ ಬಿಸಿಲು. ಆದರೂ ಕೋಲು ಇಳಿಯಿತು.

"ಇಲ್ಲಿ ಬಿಸಿಲು ಚೆನ್ನಾಗಿದೆಯಲ್ಲ, ಗುರುಗಳೇ?"

"ನೀರಿಗೂ ಚೆನ್ನಾಗಿದೆ. ಎರಡೂ ಕಡೆಯಿಂದ ಇಳಿದು ಬಂದು ಇಲ್ಲೇ ಕೂರುತ್ತೆ."

ಅಲ್ಲಿಂದ ತಪ್ಪಲಿನವರೆಗೆ ಮತ್ತೆ ಟಕ್, ಟಕ್.

ಹತ್ತಿ ಬಂದ ಮೇಲೆ ಗುರುಗಳು ಕೊಟ್ರೇಶನಿಂದ ಬಾಗಿಲಿನ ಹಗ್ಗ ಬಿಚ್ಚಿಸಿದರು. ಕುಡುಗೋಲು ತರಿಸಿದರು. ಒಳ್ಳೆಯ ತೆಂಗಿನ ನಾರಿನ ಹಗ್ಗ. ಕೊಟ್ರೇಶ ಅಯ್ಯೋ ಅನ್ನುವಷ್ಟರಲ್ಲಿ ಮೂರು ತುಂಡಾಗಿತ್ತು.

"ಬಿದಿರಿನ ತಿರುವಿಗೆ ಒಂದು ಕಟ್ಟು. ತಗ್ಗಿಗೆ ಒಂದು. ಆ ಎರಡು ಕಡೆ ಎಲ್ಲರೂ ಸೈಕಲ್ ಹೊತ್ತು ಪಕ್ಕದ ಬಂಡೆ ಮೇಲೆ ನಡೀಲಿ."

"ಉಳಿದ ದಾರಿ?"

"ಉಳಿದ ದಾರಿ ನಿನಗೇನು ಮಾಡಿತ್ತು?"

ಕೊಟ್ರೇಶ ಎರಡು ಕಡೆಯೂ ಕಟ್ಟಿ ಬಂದ. ಒಂದು ತುಂಡು ಕೈಯಲ್ಲೇ ಉಳಿಯಿತು. ಬಾಗಿಲಲ್ಲಿ ಸೈಕಲ್‌ಗಳ ಸಾಲು, ಸಾಲಿನ ತುದಿಗೆ ನಾಗವೇಣಿ. ಬಿಚ್ಚಿದವನೇ ಮೊದಲು ಇಳಿಯಬೇಕು.

ಅವನು ಸೈಕಲ್ ಹತ್ತಿದ. ಹ್ಯಾಂಡಲ್ ಹಿಡಿದ. ಹೊರಡದೆ ಸೈಕಲ್‌ನಿಂದ ಇಳಿದು, ಬಾಗಿಲಲ್ಲಿದ್ದ ಗುರುಗಳ ಹತ್ತಿರ ಅದನ್ನು ತಳ್ಳಿಕೊಂಡು ಬಂದ.

"ಗುರುಗಳೇ," ಎಂದ, ಇನ್ಯಾರಿಗೂ ಕೇಳದ ಹಾಗೆ. "ದಾರಿ ಸರಿಯಿದೆ. ನನ್ನೊಳಗೆ ಆ ತಿರುವು ಇನ್ನೂ ಹಸಿ. ಅವಳು ಬಿದ್ದ ಸದ್ದು ಅಲ್ಲೇ ಇದೆ. ಇದು ಒಣಗೋವರೆಗೆ ಬೇರೆ ಯಾರಾದರೂ ಮೊದಲು ಇಳೀಲಿ."

ಗುರುಗಳು ಅವನ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡರು. ಅವನ ಸೈಕಲ್ಲಿನ ಹ್ಯಾಂಡಲ್ಲಿಗೆ ಸುತ್ತಿ, ನಿಧಾನವಾಗಿ ಗಂಟು ಹಾಕಿದರು.

"ಎಲ್ಲಿ ಹಸಿ ಅಂತ ಗೊತ್ತಾಯಿತಲ್ಲ," ಎಂದರು. "ಅಲ್ಲಿ ಸೈಕಲ್ ಇಳಿದು ನಡಿ. ಉಳಿದ ದಾರಿಗೆ ನೀನೇ ಮೊದಲು."