ಹೊಸ ಬಣ್ಣದ ಮೇಲಿನ ಪೆಟ್ಟು

"ಅಜ್ಜಾರ, ಖರೇ ಸಂಗತಿ ಗೆಲ್ಲಾಕ ಸಣ್ಣದೊಂದು ಸುಳ್ಳು ಹೇಳಿದ್ರ ತಪ್ಪೇನ್ರಿ?"

ಮಠದ ಸ್ವಾಮಿಗಳನ್ನು ಹೀಗೆ ಕೇಳಿದವನು ಪಂಚಾಕ್ಷರಿ. ಚಿಕ್ಕಂದಿನಲ್ಲಿ ಆ ಮಠದಲ್ಲೇ ಉಂಡು ಓದಿದವನು, ಈಗ ಊರ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದ. ಹೂವು ಮಾರುವ ಒಬ್ಬ ಹೆಣ್ಣುಮಗಳು ರಸ್ತೆ ದಾಟುವಾಗ ಕಾರು ಗುದ್ದಿ ಸೊಂಟ ಮುರಿದುಕೊಂಡಿದ್ದಳು. ಅವಳ ಪರಿಹಾರದ ಕೇಸು ಇವನ ಕೈಯಲ್ಲಿತ್ತು. ಕಾರಿನವನು ಗುದ್ದಿದ್ದು ತನ್ನ ಕಾರೇ ಅಲ್ಲ ಎನ್ನುತ್ತಿದ್ದ. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕಂಡೆನೆಂದು ಹೇಳಲು ಪರಿಚಯದವನೊಬ್ಬ ತಯಾರಾಗಿದ್ದ. ಮರುದಿನವೇ ವಿಚಾರಣೆ. ಸ್ವಾಮಿಗಳು ಹೂಂ ಎಂದುಬಿಟ್ಟರೆ ಪಂಚಾಕ್ಷರಿಯ ಎದೆಯ ಭಾರ ಇಳಿಯುತ್ತಿತ್ತು.

ಸ್ವಾಮಿಗಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ವಕೀಲರಿಗೆ ಅಷ್ಟು ಚಿಕ್ಕ ಉತ್ತರ ಕೊಟ್ಟರೆ ಸಾಲುತ್ತದೆಯೇ ಎಂದು ನಕ್ಕು, ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುವವನೊಬ್ಬ ಇದ್ದ. ಅವನ ಸಾಣೆಕಲ್ಲು ಸೈಕಲ್ಲಿನ ಮೇಲೆಯೇ ಇತ್ತು. ಸೈಕಲ್ ನಿಲ್ಲಿಸಿ ಪೆಡಲ್ ತುಳಿದರೆ ಕಲ್ಲು ತಿರುಗುತ್ತಿತ್ತು. ಓಣಿ ಓಣಿ ತಿರುಗಿಸುವುದೂ ಅದೇ ಸೈಕಲ್, ಅನ್ನ ಹಾಕುವುದೂ ಅದೇ. ಒಂದು ದಿನ ಹಿಂದಿನಿಂದ ಬಂದ ಕಾರು ಅವನಿಗೆ ಗುದ್ದಿತು. ಹಿಂದಿನ ಗಾಲಿ ಕರಿದ ಹಪ್ಪಳದ ಹಾಗೆ ಸುರುಟಿಕೊಂಡಿತು. ಅವನ ಮೊಣಕಾಲು ಮತ್ತೆ ಪೆಡಲ್ ತುಳಿಯುವ ಹಾಗೆ ಉಳಿಯಲಿಲ್ಲ.

ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತು. ದುಡಿದು ತಿನ್ನುವವರ ಓಣಿ ಅದು. ಆ ದಿನ ತಕ್ಕಡಿ, ಗರಗಸ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಪೂಜೆಗೆ ಇಡುತ್ತಾರೆ. ಮುರಿದ ಸಾಮಾನು ಮಾತ್ರ ಇಡುವುದಿಲ್ಲ. ಪಾಪ, ಅವನ ಸೈಕಲ್ ಒಂದೇ ಪೂಜೆಯಿಲ್ಲದೆ ಉಳಿಯುತ್ತದಲ್ಲ ಎಂದು ಓಣಿಯವರಿಗೆ ಕರುಳು ಚುರ್ ಎಂದಿತು. ಎಲ್ಲರೂ ಸೇರಿ ಅದನ್ನು ಸೈಕಲ್ ಅಂಗಡಿಗೆ ಒಯ್ದರು. ಅಂಗಡಿಯವನು ಗಾಲಿಯನ್ನೂ ಮಡ್‌ಗಾರ್ಡನ್ನೂ ಬಡಿದು ನೆಟ್ಟಗೆ ಮಾಡಿ, ಮೇಲೆ ಹಸಿರು ಬಣ್ಣ ಹೊಡೆದುಕೊಟ್ಟ. ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಿ, ಊರ ಮುಂದೆ ಇಟ್ಟು ಪೂಜೆ ಮಾಡಿದರು. ವೈರಿಯೂ ಅಳಿಸಲಾಗದ ಗುರುತನ್ನು ಪ್ರೀತಿಯಿಂದಲೇ ಅಳಿಸಿಬಿಟ್ಟರು. ಪೊಲೀಸರು ಅಷ್ಟರವರೆಗೆ ಆ ಸೈಕಲ್ಲನ್ನು ನೋಡಿರಲೇ ಇಲ್ಲ.

ಕಾರಿನವನಿಗೆ ಅಷ್ಟೇ ಬೇಕಾಗಿತ್ತು. ನನ್ನ ಕಾರು ತಾಗಿಯೇ ಇಲ್ಲ, ಅವನಾಗಿಯೇ ಬಿದ್ದ, ಸೈಕಲ್ ಮದುಮಗನ ಹಾಗೆ ನಿಂತಿದೆ ನೋಡಿ ಎಂದ.

ಸಾಣೆಯವನ ಪರ ಒಬ್ಬ ವಕೀಲ ನಿಂತ. ಒಳ್ಳೆಯವನು. ಕೆಟ್ಟವನಾಗಿದ್ದರೆ ಈ ಕತೆ ಹೇಳುವ ಅಗತ್ಯವೇ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡೋಣ ಎಂದು ಸಾಣೆಯವನು ಕೇಳಿಕೊಂಡ. ಪೂಜೆಗೆಂದು ರಿಪೇರಿ ಮಾಡಿಸಿದೆವು ಎಂದರೆ ಕೋರ್ಟಿನಲ್ಲಿ ನಗುತ್ತಾರೆ ಎಂದು ವಕೀಲ ಒಪ್ಪಲಿಲ್ಲ. ಕೋರ್ಟು ಇನ್ನೂ ಸೈಕಲ್ಲನ್ನು ನೋಡಿಲ್ಲವಲ್ಲ ಎಂದು, ಸೈಕಲ್ ಅಂಗಡಿಯವನ ಕೈಗೆ ಮತ್ತೆ ಸುತ್ತಿಗೆ ಕೊಟ್ಟು, ಮೊದಲು ಹೇಗೆ ಬಾಗಿತ್ತೋ ಹಾಗೆಯೇ ಬಾಗಿಸಿದ. ಸಾಣೆಯವನು ಅಳುಕಿದಾಗ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ಇದ್ದದ್ದನ್ನ ಇದ್ದಂಗ ಮಾಡೇವಿ. ಇದರಾಗ ಸುಳ್ಳೇನೈತಿ?"

ಪಂಚಾಕ್ಷರಿಗೆ ಆ ವಕೀಲನ ಮಾತು ಸರಿಯೆಂದೇ ಕಂಡಿತು. ತಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದುಕೊಂಡ. ಸ್ವಾಮಿಗಳು ಅವನ ಮುಖ ನೋಡಿ ಕತೆ ಮುಂದುವರಿಸಿದರು.

ಸಾಣೆಯವನು ಊರುಗೋಲು ಹಿಡಿದು ಕಟಕಟೆ ಹತ್ತಿದ. ಗಾಲಿ ಬಾಗಿದ್ದು ಕಾರು ಗುದ್ದಿದ ದಿನ, ಆಮೇಲೆ ಯಾರೂ ಮುಟ್ಟಿಲ್ಲ ಎಂದು ಹೇಳಿಕೊಟ್ಟ ಹಾಗೆ ಹೇಳಿದ. ಕಾರಿನವನ ವಕೀಲ ಕೂಗಾಡಲಿಲ್ಲ. ಸೈಕಲ್ಲನ್ನು ಒಳಗೆ ತರಿಸಿ, ಮಡ್‌ಗಾರ್ಡಿನ ಮೇಲೆ ಹಸಿರು ಬಣ್ಣ ಒಡೆದ ಕಡೆ ಬೆರಳಿಟ್ಟ.

"ಈ ಬಣ್ಣ ಖಂಡೇ ಪೂಜಿಗೆ ಹೊಡಿಸಿದ್ದು ಅಂತ ಊರಿಗೇ ಗೊತ್ತೈತಿ. ಅದಕ್ಕೂ ಮೊದಲಿನ ಪೆಟ್ಟು ಈ ಬಣ್ಣಾನ ಹೆಂಗ ಒಡೀತು?"

ಸಾಣೆಯವನು ತಲೆ ತಗ್ಗಿಸಿದ. ಆಮೇಲೆ ಎಲ್ಲವನ್ನೂ ಹೇಳಿದ. ಓಣಿಯವರ ಪೂಜೆಯನ್ನೂ ಹೇಳಿದ, ವಕೀಲನ ಸುತ್ತಿಗೆಯನ್ನೂ ಹೇಳಿದ. ಆಗ ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಕೇಳಿದವರಿಗೆ ಅದೂ ಯಾರೋ ಬಾಯಿಪಾಠ ಮಾಡಿಸಿದ್ದೆಂದೇ ಅನ್ನಿಸಿತು. ಕಾರು ಗುದ್ದಿತೆಂಬ ಮಾತನ್ನೂ ನಂಬಲಿಲ್ಲ, ಕಾಲು ಅಲ್ಲೇ ಮುರಿಯಿತೆಂಬುದನ್ನೂ ನಂಬಲಿಲ್ಲ. ಅರ್ಜಿ ವಜಾ ಆಯಿತು. ಸಾಣೆಯವನು ಬರಿಗೈಯಲ್ಲಿ ಮನೆಗೆ ಹೋದ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಸಾಣೆಯವನಿಗೆ ಆದದ್ದು ಶುದ್ಧ ಅನ್ಯಾಯವೆಂದು ಪಂಚಾಕ್ಷರಿಗೆ ಸಿಟ್ಟು ಬಂತು.

"ಆದ್ರ ಅಜ್ಜಾರ, ಕಾರು ಗುದ್ದಿದ್ದು ಖರೇನ ಇತ್ತಲ್ರಿ?" ಎಂದ.

"ಖರೇನ ಇತ್ತಪಾ, ಆದ್ರ ಅದನ್ನ ಹೇಳಾಕ ಅವನಿಗೆ ಬಾಯಿ ಉಳೀಲಿಲ್ಲ; ನಿನ್ನ ಕಡಿ ಬಂದಾಳಲ್ಲ, ಆ ಹೆಣ್ಣುಮಗಳಿಗೆ ಇನ್ನೂ ಐತಿ."